ಗೋಂದು ಮಿಸ್ಸಿನ ಮುಚ್ಚದ ನೋಟ್‌ಬುಕ್ಕುಗಳು

ಗೋಂದು ಮಿಸ್ ತಮ್ಮ ಪಾಠಕ್ಕೆ ತಾವೇ ನಿದ್ದೆಹೋದ ದಿನ ನಾನು ಪಕ್ಕದ ಕೊಠಡಿಯಲ್ಲಿ ವ್ಯಾಕರಣ ಹೇಳುತ್ತಿದ್ದೆ. ನಮ್ಮ ಎರಡು ಕೊಠಡಿಗಳ ನಡುವೆ ಇದ್ದದ್ದು ಗೋಡೆಯಲ್ಲ, ಪ್ಲೈವುಡ್ಡಿನ ತೆಳು ಹಲಗೆ. ಆಚೆ ಯಾರಾದರೂ ಪೆನ್ಸಿಲ್ ಹೆರೆದರೂ ಈಚೆ ಕೇಳುತ್ತಿತ್ತು. ಆ ಮಧ್ಯಾಹ್ನ ಆಚೆಯಿಂದ “ತ್ರಿಭುಜದ ಮೂರು ಕೋನಗಳ ಮೊತ್ತ...” ಎಂಬಷ್ಟು ಬಂತು. ಆಮೇಲೆ ಏನೂ ಬರಲಿಲ್ಲ. ಏಳನೇ ಕ್ಲಾಸಿನಿಂದ ಸದ್ದು ಬಂದರೆ ಗಾಬರಿಪಡಬೇಕಿಲ್ಲ, ಬರದಿದ್ದರೆ ಎದ್ದು ಹೋಗಿ ನೋಡಬೇಕು. ಇದು ನಮ್ಮ ಶಾಲೆಯ ಅನುಭವ. ಹೋಗಿ ನೋಡಿದೆ. ಮಿಸ್ ಬೋರ್ಡಿಗೆ ಹಣೆ ಕೊಟ್ಟು, ಕೈಯಲ್ಲಿ ಸೀಮೆಸುಣ್ಣ ಹಿಡಿದು, ನಿಂತ ನಿಲುವಿನಲ್ಲೇ ನಿದ್ದೆಹೋಗಿದ್ದರು. ಸೀಮೆಸುಣ್ಣ ಮೊತ್ತದ ಮುಂದೆ ಸಮಚಿಹ್ನೆ ಹಾಕಿ, ಅಲ್ಲಿಂದ ಜಾರುತ್ತ ಬೋರ್ಡಿನ ಕೆಳತುದಿಯವರೆಗೆ ಒಂದು ಗೆರೆ ಎಳೆದಿತ್ತು. ಮಕ್ಕಳು ಆ ಗೆರೆಯನ್ನೂ ಶ್ರದ್ಧೆಯಿಂದ ನೋಟ್‌ಬುಕ್ಕಿನಲ್ಲಿ ಬರೆದುಕೊಂಡಿದ್ದರು.

ಆಗಿನ್ನೂ ಅವರಿಗೆ ಗೋಂದು ಮಿಸ್ ಎಂಬ ಬಿರುದು ಬಂದಿರಲಿಲ್ಲ. ಬರೀ ‘ಗಣಿತದ ಮಿಸ್’. ಅದೂ ಅವರು ಬಯಸಿ ಪಡೆದದ್ದಲ್ಲ. ಅವರು ಶಾಲೆಗೆ ಬಂದದ್ದು ಚಿತ್ರಕಲೆ ಕಲಿಸಲು. ಒಂದು ವರ್ಷ ಮೇಲಿನವರಿಗೆ ಚಿತ್ರಕಲೆ ದಂಡವೆಂದು ಜ್ಞಾನೋದಯವಾಗಿ ಆ ಹುದ್ದೆಯನ್ನೇ ಕಿತ್ತುಹಾಕಿದರು. ಮನುಷ್ಯರನ್ನು ಹಾಗೆ ಕೀಳಲಾಗದೆ ನಮ್ಮ ಹೆಡ್ ಮೇಷ್ಟ್ರು ಇವರನ್ನು ಕರೆದು, “ವೃತ್ತ ಬಿಡಿಸೋಕೆ ಬರುತ್ತೆ ತಾನೆ? ಐದರಿಂದ ಏಳರವರೆಗೆ ರೇಖಾಗಣಿತ ನೀವೇ ತಗೊಳ್ಳಿ. ಕೂಡೋದು ಕಳೆಯೋದು ಬೇರೆಯವರು ನೋಡ್ಕೋತಾರೆ” ಎಂದಿದ್ದರು. ಬೇಡವೆಂದರೆ ಮನೆಗೆ ಹೋಗಬೇಕಿತ್ತು. ಮನೆಯಲ್ಲಿ ಅತ್ತೆ ಇದ್ದರು. ಹಾಗಾಗಿ ರೇಖಾಗಣಿತ ತೆಗೆದುಕೊಂಡರು.

ನಿದ್ದೆಯ ವಿಷಯ ಹೆಡ್ ಮೇಷ್ಟ್ರ ಕಿವಿಗೆ ಬೀಳಲು ಮುಂದಿನ ಗಂಟೆಯವರೆಗೂ ಕಾಯಬೇಕಾಗಲಿಲ್ಲ. ಕರೆಸಿದರು. ಅವರ ಕೋಣೆಯಲ್ಲಿ ಹಾಜರಿ ಪುಸ್ತಕಕ್ಕೆ ಸಹಿ ಹಾಕುವ ನೆಪದಲ್ಲಿ ನಾನೂ ನಿಂತಿದ್ದೆ.

“ಏನು ಮೇಡಂ ಇದು? ಮಕ್ಕಳು ನಿದ್ದೆ ಮಾಡೋದು ಕೇಳಿದೀನಿ. ಟೀಚರ್ರೇ ಮಾಡೋದಾ?”

“ವರ್ಷ ವರ್ಷ ಇದೇ ಪಾಠ, ಇದೇ ಮಾತು, ಇದೇ ತ್ರಿಭುಜ ಸಾರ್. ಕೇಳಿ ಕೇಳಿ ನಂಗೇ ತೂಕಡಿಕೆ ಬಂತು. ಆ ಮಕ್ಕಳು ಅಷ್ಟು ಹೊತ್ತೂ ಎದ್ದಿದ್ರಲ್ಲ, ಬೇಕಾದ್ರೆ ಅವರಿಗೆ ಬಹುಮಾನ ಕೊಡಿ.”

ಹೆಡ್ ಮೇಷ್ಟ್ರು ಒಳ್ಳೆಯ ಮನುಷ್ಯ. ಅಂದರೆ, ಯಾವ ತೀರ್ಮಾನವನ್ನೂ ಪೂರ್ತಿ ತೆಗೆದುಕೊಳ್ಳದ ಮನುಷ್ಯ. ಎಲ್ಲ ಮಾತನ್ನೂ ಅಡ್ಡಗೋಡೆಯ ಮೇಲಿನ ದೀಪದ ಹಾಗೆ ಇಡುತ್ತಿದ್ದರು. “ನೋಡಿ, ಪಾಠ ಬದಲಾಯಿಸಬೇಡಿ. ಆದರೆ ನಿದ್ದೆ ಬರದ ಹಾಗೆ ಮಾಡಿ” ಎಂದು ಕಳಿಸಿದರು. ಈ ಅಪ್ಪಣೆಗೆ ಏನರ್ಥ ಎಂದು ಮಿಸ್ ನನ್ನನ್ನು ಕೇಳಿದರು. ಭಾಷೆಯ ಮೇಷ್ಟ್ರಾಗಿ ನನಗೂ ಗೊತ್ತಾಗಲಿಲ್ಲ.

ಮರುದಿನ ಅವರು ಕ್ಲಾಸಿಗೆ ಹೋಗಿ ಬೋರ್ಡಿನ ಕಡೆ ತಿರುಗಲೇ ಇಲ್ಲವಂತೆ. ಒಬ್ಬೊಬ್ಬರಿಗೂ ರದ್ದಿ ಕಾಗದ ಹಂಚಿ, “ಒಂದೊಂದು ತ್ರಿಭುಜ ಕತ್ತರಿಸಿ. ಪಕ್ಕದವರದ್ದರ ಹಾಗೆ ಇರಬಾರದು, ಅಷ್ಟೇ” ಎಂದರು. ಉದ್ದದ್ದು, ಮೋಟು, ಈಟಿಯಂಥದ್ದು, ಗುಂಡುಗುಂಡಾಗಿ ತ್ರಿಭುಜವೇ ಅಲ್ಲದ್ದು, ಎಲ್ಲ ಬಂದವು. ಆಮೇಲೆ ಮೂರು ಮೂಲೆಗಳನ್ನೂ ಹರಿದು, ಮೊನೆಗೆ ಮೊನೆ ತಾಗಿಸಿ ಪಕ್ಕಪಕ್ಕ ಇಡಲು ಹೇಳಿದರು. ಯಾರ ಮೂಲೆಗಳನ್ನು ಇಟ್ಟರೂ ತಳ ನೆಟ್ಟಗೆ ಸರಳರೇಖೆಯಾಗಿ ನಿಂತಿತು. ಹಲಗೆಯ ಈಚೆ ನನಗೆ ಮೊದಲು ಮೌನ ಕೇಳಿಸಿತು. ಮತ್ತೆ ನಿದ್ದೆಯೇ ಎಂದುಕೊಳ್ಳುವಷ್ಟರಲ್ಲಿ ಒಂದು ಹುಡುಗಿಯ ದನಿ ಬಂತು:

“ಮಿಸ್, ನಂದು ತುಂಬಾ ಸೊಟ್ಟ ಇತ್ತು. ನಂದೂ ನೆಟ್ಟಗೆ ಕೂತ್ಕೊಂತು. ಯಾಕೆ?”

ಈ ಹುಡುಗಿಯನ್ನು ಕ್ಲಾಸಿನವರು ‘ಅನುಮಾನ’ ಎಂದು ಕರೆಯುತ್ತಿದ್ದರು. ಹಾಜರಿ ಕೂಗಿದಾಗ “ಬಂದಿದೀನಿ ಅನ್ಸುತ್ತೆ ಮಿಸ್” ಎನ್ನುವ ಜಾತಿ. ಅವಳ ‘ಯಾಕೆ’ಗೆ ಮಿಸ್ ಅಂದು ಉತ್ತರ ಕೊಡಲಿಲ್ಲ. “ಕೂತ್ಕೊಂತಲ್ಲ, ಕಣ್ಣಿಗೆ ಕಾಣ್ತಾ ಇದೆಯಲ್ಲ, ಅಂಟಿಸ್ಕೋ” ಎಂದರು. ಎಲ್ಲರೂ ಹರಿದ ಮೂಲೆಗಳನ್ನು ನೋಟ್‌ಬುಕ್ಕಿಗೆ ಅಂಟಿಸಿಕೊಂಡರು.

ಅಲ್ಲಿಂದ ಅವರಿಗೆ ಹುಚ್ಚು ಹಿಡಿಯಿತು. ನಿಂತುಹೋಗಿದ್ದ ಚಿತ್ರಕಲೆ ಬೇರೆ ಬಾಗಿಲಿನಿಂದ ಒಳಗೆ ಬಂದಂತಾಯಿತು. ಪ್ರತಿ ಪಾಠಕ್ಕೂ ಮಡಚುವುದು, ಕತ್ತರಿಸುವುದು, ಅಂಟಿಸುವುದು. ಸಮಾಂತರ ರೇಖೆಗಳಿಗೆ ರಟ್ಟಿನ ಪಟ್ಟಿಗಳು, ಅವು ತಿರುಗಲು ಕೀಲಿನ ಜಾಗದಲ್ಲಿ ಬಟ್ಟೆಗೆ ಹೊಲಿಯುವ ಟಿಚ್ ಬಟನ್ನು. ಪಟ್ಟಿ ತಿರುಗಿಸಿದರೆ ಕೋನ ಹಿಗ್ಗುತ್ತಿತ್ತು, ಕುಗ್ಗುತ್ತಿತ್ತು. ವೃತ್ತಕ್ಕೆ ಡಬ್ಬಿಯ ಮುಚ್ಚಳದ ಸುತ್ತ ದಾರ ಸುತ್ತಿ, ಅದೇ ದಾರವನ್ನು ಮುಚ್ಚಳದ ಅಡ್ಡಕ್ಕೆ ಹಿಡಿದರೆ ಮೂರು ಸಲ ಹೋಗಿ ಸ್ವಲ್ಪ ಬಾಲ ಉಳಿಯುತ್ತಿತ್ತು. ಆ ಬಾಲವನ್ನೂ ಪುಟದ ಮೇಲೆ ಅಂಟಿಸುತ್ತಿದ್ದರು. ಚತುರ್ಭುಜಗಳಿಗೆ ಒಂದೊಂದು ಕಿಟಕಿ: ಮೇಲೆ ಚಿತ್ರ, ಕಿಟಕಿ ತೆರೆದರೆ ಒಳಗೆ ಹೆಸರು. ಪುಟಗಳು ಉಬ್ಬಿದವು. ರಟ್ಟು ಬಾಯಿ ಬಿಟ್ಟಿತು. ಮೇಜಿನ ಮೇಲೆ ಇಟ್ಟರೆ ನೋಟ್‌ಬುಕ್ಕು ಮುಚ್ಚುತ್ತಲೇ ಇರಲಿಲ್ಲ. ಮಕ್ಕಳು ಅವಕ್ಕೆ ‘ಬಸುರಿ ಬುಕ್ಕು’ ಎಂದು ಹೆಸರಿಟ್ಟರು. ಬೀರುವಿನಲ್ಲಿ ಮೊದಲು ಇಡೀ ಶಾಲೆಯ ಪುಸ್ತಕ ಹಿಡಿಯುತ್ತಿತ್ತು, ಈಗ ಏಳನೇ ಕ್ಲಾಸಿನದೇ ಹಿಡಿಯದೆ ಬಾಗಿಲಿಗೆ ದಾರ ಕಟ್ಟಬೇಕಾಯಿತು. ಮಿಸ್ಸಿನ ಬೆರಳುಗಳು ಸದಾ ಅಂಟಂಟು. ಹಾಜರಿ ಪುಸ್ತಕಕ್ಕೆ ಸಹಿ ಹಾಕಿದರೆ ಎರಡು ಹಾಳೆ ಕೂಡಿಕೊಳ್ಳುತ್ತಿದ್ದವು. ಬಿರುದು ಬಂದದ್ದು ಹೀಗೆ.

ಅಂಗಡಿಯ ಗೋಂದು ಸಾಲದೆ ಹೋದಾಗ ಮಿಸ್ ಮನೆಯಲ್ಲೇ ಹಿಟ್ಟು ಕಾಯಿಸಿ ಅಂಟು ಮಾಡಿ ತಂದರು. ಅದು ಇಲಿಗಳಿಗೆ ಬಹಳ ಹಿಡಿಸಿತು. ಒಂದು ರಜೆ ಮುಗಿಸಿ ಬಂದು ಬೀರು ತೆರೆದರೆ ಚತುರ್ಭುಜಗಳ ಪಾಠ ಪೂರ್ತಿ ಖಾಲಿ. ‘ಹೋಂವರ್ಕ್ ಇಲಿ ತಿಂತು’ ಎಂಬ ಮಾತು ಚರಿತ್ರೆಯಲ್ಲಿ ಮೊದಲ ಸಲ ನಿಜವಾದದ್ದು ನಮ್ಮ ಶಾಲೆಯಲ್ಲೇ ಇರಬೇಕು. ಕಸ ಗುಡಿಸುವ ಆಯಾ ಸೊಂಟಕ್ಕೆ ಕೈಯಿಟ್ಟು ನಿಂತು, “ಅಮ್ಮಾ, ನೀವು ಪಾಠ ಮಾಡೋದು ಒಂದು ಗಂಟೆ. ಅದನ್ನ ನಾನು ಗುಡಿಸೋದು ಎರಡು ಗಂಟೆ. ಬಾಯಲ್ಲೇ ಹೇಳಿಬಿಡಿ, ನಿಮ್ಮ ದಮ್ಮಯ್ಯ” ಎಂದಳು.

ಮನೆಯಲ್ಲೂ ಕ್ಷೇಮವಿರಲಿಲ್ಲ. ಮಿಸ್ಸಿನ ಗಂಡ ದರ್ಜಿ. ಶಾಲೆಯ ಹಿಂದಿನ ಬೀದಿಯಲ್ಲಿ ಮನೆ, ಮನೆಯ ಮುಂದಿನ ಕೋಣೆಯೇ ಅಂಗಡಿ: ಎರಡು ಹೊಲಿಗೆ ಯಂತ್ರ, ಕತ್ತರಿಸಲು ಒಂದು ಉದ್ದ ಮೇಜು, ಗೋಡೆಗೆ ಒಂದು ಮೊಳೆ. ಆ ಮೊಳೆಗೆ ತೂಗುಹಾಕಿದ ದೊಡ್ಡ ಕತ್ತರಿಯನ್ನು ಮುಟ್ಟುವ ಅಧಿಕಾರ ಅವರೊಬ್ಬರಿಗೇ. ಬಟ್ಟೆ ಕತ್ತರಿಯಲ್ಲಿ ಕಾಗದ ಕತ್ತರಿಸಿದರೆ ಬಾಯಿ ಮೊಂಡಾಗುತ್ತದೆ, ಆಮೇಲೆ ಅದು ಬಟ್ಟೆಯನ್ನು ಕತ್ತರಿಸುವುದಿಲ್ಲ, ಅಗಿಯುತ್ತದೆ. ಒಂದು ಸಂಜೆ ಒಬ್ಬ ಗಿರಾಕಿಯ ಮದುವೆ ಕೋಟಿನ ಬಟ್ಟೆ ಹರಡಿ ಕತ್ತರಿ ಇಟ್ಟರು, ಕತ್ತರಿ ಅಗಿಯಿತು.

“ಏನೇ, ನನ್ನ ಕತ್ತರಿ ಮುಟ್ಟಿದ್ಯಾ?”

“ಒಂದೇ ಒಂದು ಷಟ್ಕೋನ ರೀ.”

“ಒಂದೇ ಒಂದು ಅಂತೆ! ಗಂಡನ ಕುತ್ತಿಗೆ ಕತ್ತರಿಸು, ಬೇಡ ಅನ್ನಲ್ಲ. ಕಾಗದ ಮಾತ್ರ ಕತ್ತರಿಸಬೇಡ!”

ಕಿಟಕಿಯ ಪಕ್ಕದ ಕುರ್ಚಿಯಲ್ಲಿ ಕೂತು ಇಡೀ ಬೀದಿಯ ಮೇಲ್ವಿಚಾರಣೆ ಮಾಡುತ್ತಿದ್ದ ಅತ್ತೆ ಆ ದಿನ ಸೊಸೆಯ ಪರ ನಿಂತರು. “ಪಾಪ, ಮಕ್ಕಳಿಗೋಸ್ಕರ ಮಾಡ್ತಾಳೆ, ಬಿಡೋ” ಎಂದರು. ಆ ಪಕ್ಷಪಾತ ಮುಂದಿನ ವಾರದವರೆಗೆ ಬಾಳಿತು. ಮುಂದಿನ ವಾರ ಮಿಸ್ ಘನಾಕೃತಿಗಳ ಪಾಠಕ್ಕೆಂದು ಮನೆಯಲ್ಲಿದ್ದ ಮಾತ್ರೆಯ ರಟ್ಟುಡಬ್ಬಿಗಳನ್ನೆಲ್ಲ ಬಿಚ್ಚಿ, ಹರಡಿ, ಚಪ್ಪಟೆ ಮಾಡಿ ಶಾಲೆಗೆ ಒಯ್ದಿದ್ದರು. ಡಬ್ಬಿ ಬಿಚ್ಚಿದರೆ ಆರು ಮುಖ ಹೇಗೆ ಕಾಣುತ್ತವೆಂದು ತೋರಿಸಬೇಕಿತ್ತಂತೆ. ಮಾತ್ರೆಗಳನ್ನು ಒಂದೇ ಬಟ್ಟಲಿಗೆ ಸುರಿದಿದ್ದರು. ಅತ್ತೆ ರಕ್ತದೊತ್ತಡದ್ದೆಂದು ನುಂಗಿದ್ದು ಹೊಟ್ಟೆ ಸಡಿಲವಾಗುವ ಮಾತ್ರೆ. ಆ ದಿನವಿಡೀ ಬೀದಿಗೆ ಮೇಲ್ವಿಚಾರಕರಿರಲಿಲ್ಲ. ಸಂಜೆ ಸೊಸೆ ಮನೆಗೆ ಬಂದಾಗ ಬಚ್ಚಲಿನ ಒಳಗಿಂದಲೇ ದನಿ ಬಂತು: “ಬಂದ್ಯಾ ತಾಯಿ? ಆರು ಮುಖ ತೋರಿಸಿ ಬಂದ್ಯಾ? ನಂಗಿರೋದು ಒಂದೇ ಮುಖ. ಅದನ್ನೂ ಎತ್ತೋಕಾಗ್ತಿಲ್ಲ.”

ಇಷ್ಟೆಲ್ಲ ಆದರೂ ಏಳನೇ ಕ್ಲಾಸಿನ ಮಕ್ಕಳು ಗಣಿತದ ಗಂಟೆಗೆ ಓಡಿಕೊಂಡು ಹೋಗುತ್ತಿದ್ದರು ಎಂಬುದು ನಿಜ. ನನ್ನ ಗಂಟೆ ಮುಗಿಯುವ ಮುಂಚೆಯೇ ಡೆಸ್ಕಿನ ಕೆಳಗೆ ಕತ್ತರಿಗಳು ಕಚಕಚ ಎನ್ನುತ್ತಿದ್ದವು. ನನಗೆ ಹೊಟ್ಟೆಕಿಚ್ಚಾಗಲಿಲ್ಲ ಎಂದರೆ ಯಾರೂ ನಂಬುವುದಿಲ್ಲ, ಅದಕ್ಕೆ ಹೇಳುವುದೂ ಇಲ್ಲ.

ಆದರೆ ನಿಜವಾಗಿ ಕೆರಳಿದವರು ಪ್ರಮೇಯ ಮೇಷ್ಟ್ರು. ಮೇಲಿನ ತರಗತಿಗಳಿಗೆ ಗಣಿತ ಕಲಿಸುವ ಹಿರಿಯರು. ಇಸ್ತ್ರಿ ಮಾಡಿದ ಬಿಳಿ ಅಂಗಿ, ಜೇಬಿನಲ್ಲಿ ಕೈವಾರ. ಬೋರ್ಡಿನ ಮೇಲೆ ಅವರ ಅಕ್ಷರ ಅಚ್ಚು ಹಾಕಿದಂತೆ. ಮಾತೂ ಪ್ರಮೇಯದ ಧಾಟಿಯಲ್ಲೇ. “ದತ್ತ: ಚಹಾ ತಣ್ಣಗಿದೆ. ಸಾಧನೀಯ: ಆಯಾ ನಮ್ಮನ್ನ ಮನುಷ್ಯರು ಅಂತ ಎಣಿಸಿಲ್ಲ” ಎನ್ನುತ್ತಿದ್ದರು. ಮಿಸ್ ರಜೆ ಹಾಕಿದ ದಿನಗಳಲ್ಲಿ ಏಳನೇ ಕ್ಲಾಸಿನ ಮಕ್ಕಳು ಅವರ ಮುಂದೆ ಕೂತಾಗ ಕಷ್ಟ ಶುರುವಾಯಿತು. ಸಾಧಿಸು ಎಂದರೆ ಆ ಮಕ್ಕಳು ಕತ್ತರಿ ಕೇಳುತ್ತಿದ್ದರು.

“ಇದು ರೇಖಾಗಣಿತವೋ ಕಸೂತಿ ಕ್ಲಾಸೋ?” ಎಂದು ಅವರು ಸ್ಟಾಫ್ ರೂಮಿನಲ್ಲಿ ಒಂದು ಬಸುರಿ ಬುಕ್ಕನ್ನು ಎರಡೇ ಬೆರಳಲ್ಲಿ ಎತ್ತಿ ಕೇಳಿದರು. ಒಳಗಿಂದ ಒಂದು ಮುಚ್ಚಳ ಉದುರಿ ಉರುಳಿಕೊಂಡು ಹೋಯಿತು.

“ಮಕ್ಕಳಿಗೆ ಕಣ್ಣಿಗೆ ಕಂಡ್ರೆ ಅರ್ಥ ಆಗುತ್ತೆ ಸಾರ್.”

“ಕಣ್ಣಿಗೆ ಸೂರ್ಯನೂ ಇಷ್ಟೇ ಇಷ್ಟು ಕಾಣ್ತಾನೆ ಮೇಡಂ.”

“ನಿಮ್ಮ ಕ್ಲಾಸಲ್ಲಿ ಅದೂ ಕಾಣಲ್ವಂತೆ, ಮಕ್ಕಳು ಕಣ್ಣೇ ಬಿಡಲ್ಲ ಅಂತಾರೆ” ಎಂದು ಮಿಸ್ ಹೇಳಬಾರದಿತ್ತು. ಹೇಳಿದರು. ಸ್ಟಾಫ್ ರೂಮು ನಕ್ಕಿತು. ಪ್ರಮೇಯ ಮೇಷ್ಟ್ರು ನಗಲಿಲ್ಲ. ಕೈವಾರವನ್ನು ಜೇಬಿನಲ್ಲಿ ನೆಟ್ಟಗೆ ಮಾಡಿಕೊಂಡು ಹೊರಟರು.

ಅದರ ಬಡ್ಡಿ ತೀರಿದ್ದು ಅಪ್ಪ ಅಮ್ಮಂದಿರು ಶಾಲೆಗೆ ಬರುವ ದಿನ. ಸಭಾಂಗಣದ ಮೇಜುಗಳ ಮೇಲೆ ಬಸುರಿ ಬುಕ್ಕುಗಳನ್ನು ಸಾಲಾಗಿ ಇಟ್ಟಿದ್ದರು. ಅಪ್ಪಂದಿರು ಕಿಟಕಿ ತೆರೆದು ಮುಚ್ಚಿ ಆಡುತ್ತಿದ್ದರು, ಮಕ್ಕಳು ಅವರ ಕೈಗೆ ಹೊಡೆಯುತ್ತಿದ್ದರು. ಗೋಂದು ಮಿಸ್ಸಿನ ಮುಖ ತೊಳೆದ ಹಾಗೆ ಹೊಳೆಯುತ್ತಿತ್ತು. ಆಗ ಪ್ರಮೇಯ ಮೇಷ್ಟ್ರು ಒಂದು ಚೌಕ ಕಾಗದ ಹಿಡಿದು ಬಂದರು. ಉದ್ದಕ್ಕೆ ಎಂಟು ಮನೆ, ಅಡ್ಡಕ್ಕೆ ಎಂಟು ಮನೆ ಗೀಟು ಹಾಕಿತ್ತು.

“ಮೇಡಂ, ಎಷ್ಟು ಮನೆ ಇದೆ?”

“ಎಂಟೆಂಟ್ಲಿ ಅರವತ್ನಾಲ್ಕು.”

“ನಾನು ಗೆರೆ ಎಳೆದಿರೋ ಕಡೆ ನೀವೇ ಕತ್ತರಿಸಿ. ನಾಲ್ಕು ತುಂಡು ಬರುತ್ತೆ. ಅದನ್ನ ಉದ್ದದ ಆಯತ ಆಗೋ ಹಾಗೆ ಜೋಡಿಸಿ. ಕತ್ತರಿ ನಿಮ್ಮದೇ, ಗೋಂದೂ ನಿಮ್ಮದೇ.”

ಮಿಸ್ ಉತ್ಸಾಹದಿಂದ ಕತ್ತರಿಸಿದರು. ಎರಡು ತ್ರಿಭುಜ, ಒಂದು ಪಕ್ಕ ಓರೆಯಾದ ಎರಡು ಚತುರ್ಭುಜ. ತಿರುಗಿಸಿ ಜೋಡಿಸಿದರೆ ಚೊಕ್ಕ ಆಯತ ಬಂತು. ಅಂಟಿಸಿ ಎತ್ತಿ ತೋರಿಸಿದರು. ಪ್ರಮೇಯ ಮೇಷ್ಟ್ರು ಮುಂದಿನ ಸಾಲಿನಲ್ಲಿದ್ದ ಬಸ್ ಡ್ರೈವರ್ ಅಪ್ಪನೊಬ್ಬರಿಗೆ, “ನೀವೇ ಎಣಿಸಿ ಹೇಳಿ” ಎಂದರು. ಡ್ರೈವರ್ ಎದ್ದು ಬೆರಳಿಟ್ಟು ಎಣಿಸಿದರು. ಉದ್ದ ಹದಿಮೂರು, ಅಗಲ ಐದು.

“ಹದಿಮೂರೈದ್ಲಿ... ಅರವತ್ತೈದು.”

ಹಿಂದಿನ ಸಾಲಿನವರು ಎದ್ದು ನಿಂತು ಇಣುಕಿದರು.

“ಒಂದು ಮನೆ ಎಲ್ಲಿಂದ ಬಂತು ಮೇಡಂ?” ಎಂದರು ಪ್ರಮೇಯ ಮೇಷ್ಟ್ರು. “ಕಣ್ಣಿಗೆ ಕಾಣ್ತಾ ಇದೆಯಲ್ಲ, ಅಂಟಿಸ್ಕೊಳ್ಳಿ.”

ಡ್ರೈವರ್ ಅಪ್ಪ ಕೈಯೆತ್ತಿ, “ಮೇಡಂ, ನಮ್ಮ ಹಿತ್ತಲು ಸ್ವಲ್ಪ ಚಿಕ್ಕದು. ಅದನ್ನೂ ಹೀಗೇ ಕತ್ತರಿಸಿ ಕೊಡ್ತೀರಾ?” ಎಂದರು. ನಗೆ ಎದ್ದಿತು. ಅದರಲ್ಲಿ ಕೆಡುಕೇನೂ ಇರಲಿಲ್ಲ, ಆದರೂ ಮಿಸ್ ತಲೆಯೆತ್ತಲಿಲ್ಲ. ಕಾಗದವನ್ನು ತಿರುತಿರುಗಿಸಿ ನೋಡಿದರು. ಇನ್ನೊಮ್ಮೆ ಎಣಿಸಿದರು. ಹೆಡ್ ಮೇಷ್ಟ್ರು ಹತ್ತಿರ ಬಂದು ತಗ್ಗಿದ ದನಿಯಲ್ಲಿ, “ನಾಳೆಯಿಂದ ಕತ್ತರಿ ಇರಲಿ. ಆದರೆ ಉಪಯೋಗಿಸಬೇಡಿ” ಎಂದರು.

ಆ ಸಂಜೆ ಮನೆಯಲ್ಲಿ ನಡೆದದ್ದನ್ನು ಅವರೇ ಆಮೇಲೆ ನನಗೆ ಹೇಳಿ ನಕ್ಕಿದ್ದರು. ಬಾಗಿಲಲ್ಲೇ ಕೂತುಬಿಟ್ಟರಂತೆ. ಗಂಡ ಯಂತ್ರ ನಿಲ್ಲಿಸಿ, “ಏನಾಯ್ತೇ?” ಎಂದರು.

“ಅರವತ್ನಾಲ್ಕು ಅರವತ್ತೈದಾಯ್ತು ರೀ.”

“ಒಳ್ಳೇದೇ ಅಲ್ವಾ? ಒಂದು ಹೆಚ್ಚಾಗಿದೆ.”

“ಕಮ್ಮಿಯಾಗಿದ್ರೆ ಅಳಬೇಕಿತ್ತು” ಎಂದರು ಅತ್ತೆ ಕಿಟಕಿಯಿಂದ ಕಣ್ಣು ತೆಗೆಯದೆ.

ಆ ರಾತ್ರಿ ಮಿಸ್ ಅತ್ತರು ಎಂದೇ ನನ್ನ ಊಹೆ. ಎಲ್ಲರೆದುರು ಹೋದ ಮಾನ ಒಂದು ಕಡೆ. ಅದಕ್ಕಿಂತ ಹೆಚ್ಚಾಗಿ ತಾವು ಇಷ್ಟು ಕಾಲ ಮಕ್ಕಳಿಗೆ ಅಂಟಿಸಿಕೊಟ್ಟದ್ದರಲ್ಲಿ ಇನ್ನೆಷ್ಟು ಸುಳ್ಳಿದೆಯೋ ಎಂಬ ಹೆದರಿಕೆ. ಮರುದಿನ ಸ್ಟಾಫ್ ರೂಮಿಗೆ ಬರದೆ ನೇರ ಕ್ಲಾಸಿಗೆ ಹೋದರು. ನಾನು ಹಲಗೆಯ ಈಚೆ ಮಕ್ಕಳಿಗೆ ಪ್ರಬಂಧ ಬರೆಯಲು ಕೊಟ್ಟು ಕಿವಿ ಆಚೆ ಇಟ್ಟೆ.

“ನೋಡಿ ಮಕ್ಕಳೇ, ಚೆನ್ನಾಗಿ ಕೂತ್ಕೊಂತಲ್ಲ, ಹಾಗಾದ್ರೆ ನಿಜ ಅಂತ ನಾನು ನಿಮಗೆ ಹೇಳ್ತಿದ್ದೆ. ನಿನ್ನೆ ಸುಳ್ಳೂ ಅಷ್ಟೇ ಚೆನ್ನಾಗಿ ಕೂತ್ಕೊಂತು. ಯಾಕೆ ಅಂತ ನಂಗೆ ಗೊತ್ತಿಲ್ಲ. ರಾತ್ರಿಯೆಲ್ಲ ಯೋಚನೆ ಮಾಡಿದೆ. ಈಗಲೂ ಗೊತ್ತಿಲ್ಲ.”

ಮೇಷ್ಟ್ರುಗಳು ಬಾಯಿ ತಪ್ಪಿಯೂ ಆಡದ ಮಾತು ಇದು. ಕತ್ತರಿ ಉಪಯೋಗಿಸಬಾರದೆಂಬ ಆಜ್ಞೆಯನ್ನು ಮಿಸ್ ಮೀರಲಿಲ್ಲ; ಬ್ಲೇಡು, ಸ್ಕೇಲು ಹಿಡಿದು ಎಲ್ಲರಿಂದಲೂ ಅದೇ ಚೌಕ ಮಾಡಿಸಿದರು. ಎಲ್ಲರಿಗೂ ಅರವತ್ತೈದೇ ಬಂತು. ಆಗ ಅನುಮಾನದ ದನಿ.

“ಮಿಸ್, ನಂದು ಸರಿಯಾಗಿ ಕೂತಿಲ್ಲ. ನಡುವೆ ಸಂದಿ ಬಂತು. ಗೋಂದು ಸವರಿ ಎಳೆದು ಕೂರಿಸಿದೆ.”

“ಮೊದಲೇ ಯಾಕೆ ಹೇಳಲಿಲ್ಲ?”

“ನಾನು ಕತ್ತರಿಸೋದೇ ಸೊಟ್ಟ ಅಂತ ನೀವೇ ಯಾವಾಗ್ಲೂ ಬೈತೀರಲ್ಲ. ನಂದೇ ತಪ್ಪು ಅಂದ್ಕೊಂಡೆ.”

“ನಂಗೂ ಸಂದಿ ಬಂತು ಮಿಸ್” ಎಂದ ಇನ್ನೊಬ್ಬ. “ನಂಗೂ.” “ನಾನು ಮೇಲೆ ದಪ್ಪ ಗೆರೆ ಎಳೆದು ಮುಚ್ಚಿದೆ.” ಇಡೀ ಕ್ಲಾಸೇ ಒಪ್ಪಿಕೊಂಡಿತು. ಎಲ್ಲರೂ ಸಂದಿಯನ್ನು ಕಂಡಿದ್ದರು, ಎಲ್ಲರೂ ತಮ್ಮ ಕೈಯದೇ ತಪ್ಪೆಂದುಕೊಂಡು ಅಂಟು ಮೆತ್ತಿದ್ದರು. ಮಿಸ್ ಕೂಡ ಹಿಂದಿನ ದಿನ ಅದನ್ನೇ ಮಾಡಿದ್ದರು. ಸಂಧಿ ಮೂರು ವಿಧ ಎಂದು ಇಷ್ಟು ವರ್ಷ ಉರುಹೊಡೆಸಿದ ನನಗೆ ಇಂಥದ್ದೊಂದು ಸಂದಿ ಇರುವುದು ತಿಳಿದದ್ದು ಅಂದೇ.

“ಚಿಕ್ಕದಾಗಿದ್ರೆ ಗೋಂದು ಮುಚ್ಚುತ್ತೆ” ಎಂದು ಮಿಸ್ ತಮ್ಮಷ್ಟಕ್ಕೇ ಹೇಳಿಕೊಂಡಂತೆ ಹೇಳಿದರು. “ದೊಡ್ಡದು ಮಾಡೋಣ.”

ಎಷ್ಟು ದೊಡ್ಡದು ಎಂದರೆ, ಒಂದೊಂದು ಮನೆಯೂ ಒಂದೊಂದು ಸ್ಕೇಲಿನುದ್ದ. ಅದಕ್ಕೆ ಕಾಗದ ಶಾಲೆಯಲ್ಲಿಲ್ಲ. ದರ್ಜಿ ಗಂಡ ಅಳತೆ ಗೀಚಲು ಇಟ್ಟುಕೊಂಡಿದ್ದ ಕಂದು ಕಾಗದದ ಸುರುಳಿ ಮನೆಯಲ್ಲಿತ್ತು. ಅದನ್ನು ಹೇಗೆ ಕೇಳಿದರೋ ದೇವರೇ ಬಲ್ಲ. ಮಾರನೆಯ ಬೆಳಿಗ್ಗೆ ಗಂಡ ತಾವೇ ಸುರುಳಿಯನ್ನು ಹೆಗಲ ಮೇಲೆ ಹೊತ್ತು ಗೇಟಿನೊಳಗೆ ಬಂದರು. “ಇವಳ ಕೈಗೆ ಕೊಟ್ರೆ ಪೂರ್ತಿ ಸುರುಳಿ ಷಟ್ಕೋನ ಆಗುತ್ತೆ” ಎಂದು ಕಾವಲುಗಾರನಿಗೆ ವಿವರಣೆ ಕೊಟ್ಟರು. ಕೈಯಲ್ಲಿ ಕತ್ತರಿಯೂ ಇತ್ತು: ಆ ಷಟ್ಕೋನದಿಂದ ಕೆಟ್ಟು ಕಾಗದಕ್ಕೆಂದೇ ಮೀಸಲಾದದ್ದು.

ಶಾಲೆಯ ಅಂಗಳದ ಸಿಮೆಂಟು ನೆಲದ ಮೇಲೆ ಕಾಗದ ಹಾಸಿ, ಅಂಟಿಸಿ, ಗೀಟು ಹಾಕಿದರು. ಗಾಳಿಗೆ ಹಾರದಂತೆ ಮೂಲೆಮೂಲೆಗೆ ಒಬ್ಬೊಬ್ಬರನ್ನು ಕೂರಿಸಿದರು. ಹೆಡ್ ಮೇಷ್ಟ್ರು ತಮ್ಮ ಕೋಣೆಯ ಪರದೆ ಎಳೆದುಕೊಂಡರು. ಕಾಣದಿದ್ದರೆ ಅನುಮತಿ ಕೊಟ್ಟಂತೆಯೂ ಅಲ್ಲ, ಕೊಡದಂತೆಯೂ ಅಲ್ಲ. ನಾಲ್ಕು ತುಂಡು ಮಾಡಿ, ನಾಲ್ಕಾರು ಮಕ್ಕಳು ಒಂದೊಂದನ್ನು ಚಾಪೆ ಹಿಡಿದಂತೆ ಎತ್ತಿ ತಂದು, ಉದ್ದದ ಆಯತವಾಗಿ ಇಟ್ಟರು. ಅಂಚಿಗೆ ಅಂಚು ತಾಗಿಸಿದರು. ತಾಗಲಿಲ್ಲ. ಮೂಲೆಯಿಂದ ಮೂಲೆಗೆ, ಆಯತದ ಉದ್ದಕ್ಕೂ, ಸೀಳಿದ ಹಾಗೆ ಒಂದು ಸಪೂರ ಸಂದಿ. ತುದಿಗಳಲ್ಲಿ ಸೂಜಿಯ ಮೊನೆಯಷ್ಟು, ನಡುವೆ ಎರಡು ಬೆರಳಗಲ. ಅನುಮಾನ ಮಂಡಿಯೂರಿ ಅದರೊಳಗೆ ಬೆರಳಿಟ್ಟು ನೆಲವನ್ನು ಮುಟ್ಟಿ, “ಇಲ್ಲಿದೆ! ಆ ಒಂದು ಮನೆ ಇಲ್ಲಿ ಉದ್ದಕ್ಕೆ ಮಲಗಿದೆ!” ಎಂದು ಕೂಗಿದಳು.

ಅಂಗಳ ಹಬ್ಬಿದ ಗಲಾಟೆಯಲ್ಲಿ ಮಿಸ್ ಸಂದಿಯ ಪಕ್ಕ ನೆಲದ ಮೇಲೇ ಕೂತುಬಿಟ್ಟರು. ನಗುತ್ತಿದ್ದರು, ಮೂಗು ಒರೆಸಿಕೊಳ್ಳುತ್ತಿದ್ದರು. ಆದರೆ ಆ ಹುಡುಗಿ ಅಷ್ಟಕ್ಕೆ ಬಿಡುವವಳೇ? ಒಂದು ನಿಮಿಷದಲ್ಲಿ ಮತ್ತೆ ಎದ್ದು ನಿಂತಳು.

“ಮಿಸ್, ಇದೂ ನಾವು ಕತ್ತರಿಸಿದ್ದರ ತಪ್ಪೇ ಯಾಕಾಗಿರಬಾರದು? ಸರಿಯಾಗಿ ಕತ್ತರಿಸಿದ್ರೆ ಸಂದಿ ಬರಲೇಬೇಕು ಅಂತ ಹೇಗೆ ಗೊತ್ತು?”

ಇದಕ್ಕೆ ಕತ್ತರಿಯಲ್ಲಿ ಉತ್ತರವಿರಲಿಲ್ಲ. ಮಿಸ್ ತಲೆಯೆತ್ತಿ ನೋಡಿದರು. ಮಹಡಿಯ ಕಟಾಂಜನಕ್ಕೆ ಒರಗಿ ಪ್ರಮೇಯ ಮೇಷ್ಟ್ರು ಅಷ್ಟು ಹೊತ್ತೂ ನಿಂತಿದ್ದರು.

“ಬನ್ನಿ ಸಾರ್” ಎಂದರು ಮಿಸ್ ಗಟ್ಟಿಯಾಗಿ. “ಇದು ನಿಮ್ಮ ಕೆಲಸ.”

ಅವರು ಬರುವುದಿಲ್ಲವೆಂದೇ ನಾನು ಎಣಿಸಿದ್ದೆ. ಬಂದರು. ಮೆಟ್ಟಿಲಿಳಿದು, ಅಂಗಳ ದಾಟಿ, ಇಸ್ತ್ರಿ ಮಾಡಿದ ಪ್ಯಾಂಟಿನಲ್ಲಿ ಆ ಧೂಳಿನ ನೆಲಕ್ಕೆ ಮಂಡಿಯೂರಿ, ಸಿಮೆಂಟಿನ ಮೇಲೆ ಸೀಮೆಸುಣ್ಣದಲ್ಲಿ ಗೆರೆ ಎಳೆದರು. ಬೋರ್ಡು ಬಿಟ್ಟು ಬೇರೆಲ್ಲೂ ಅವರು ಸೀಮೆಸುಣ್ಣ ಮುಟ್ಟಿಸಿದ್ದನ್ನು ನಾನು ಕಂಡಿರಲಿಲ್ಲ.

“ತ್ರಿಭುಜದ ಓರೆ ಅಂಚು ಎಂಟು ಮನೆ ಮುಂದೆ ಹೋದ್ರೆ ಎಷ್ಟು ಮೇಲೆ ಹತ್ತುತ್ತೆ? ಎಣಿಸಿ.”

“ಮೂರು ಸಾರ್.”

“ಈ ಚತುರ್ಭುಜದ್ದು? ಐದು ಹೋದ್ರೆ?”

“ಎರಡು.”

“ಎರಡೂ ಅಂಚು ಒಂದೇ ನೇರದಲ್ಲಿದ್ರೆ ಒಂದೇ ಸಮ ಹತ್ತಬೇಕು ತಾನೆ? ಸರಿ, ಎರಡನ್ನೂ ನಲವತ್ತು ಮನೆ ನಡೆಸೋಣ. ಎಂಟಕ್ಕೆ ಮೂರು ಅಂದ್ರೆ ನಲವತ್ತಕ್ಕೆ?”

“ಹದಿನೈದು!”

“ಐದಕ್ಕೆ ಎರಡು ಅಂದ್ರೆ?”

ಮಕ್ಕಳು ಬೆರಳು ಮಡಚಿದರು. “ಹದಿನಾರು!” ಎಂಬುದು ಒಂದೇ ಕೊರಳಲ್ಲಿ ಬರಲಿಲ್ಲ, ಅಲ್ಲೊಂದು ಇಲ್ಲೊಂದು ಸಿಡಿಯಿತು. ಅನುಮಾನ ನಿಧಾನವಾಗಿ ಹೇಳಿದಳು: “ಹಾಗಾದ್ರೆ ಅದು ಒಂದು ಗೆರೆ ಅಲ್ಲವೇ ಅಲ್ಲ. ಎಷ್ಟೇ ಚೆನ್ನಾಗಿ ಕತ್ತರಿಸಿದ್ರೂ ಡೊಂಕೇ.”

“ಡೊಂಕೇ” ಎಂದರು ಪ್ರಮೇಯ ಮೇಷ್ಟ್ರು. ಅವರ ಮುಖದಲ್ಲಿ ಆಗ ಬಂದ ಸಂತೋಷವನ್ನು ನಾನು ಅವರ ಮಗಳ ಮದುವೆಯಲ್ಲೂ ಕಂಡಿಲ್ಲ. ಮೇಲಿನ ತರಗತಿಗಳಲ್ಲಿ ಅವರನ್ನು ಯಾರೂ ‘ಹೇಗೆ ಗೊತ್ತು’ ಎಂದು ಕೇಳಿರಲಿಲ್ಲ. ಅವರು ಹೇಳಿದ್ದನ್ನು ಎಲ್ಲರೂ ಬರೆದುಕೊಂಡಿದ್ದರು, ಅಷ್ಟೇ.

ಮಕ್ಕಳು ಕಾಗದ ಸುತ್ತುವಾಗ ಮಿಸ್ ಅವರ ಪಕ್ಕಕ್ಕೆ ಹೋಗಿ ನಿಂತರು. “ನಿಮ್ಮ ಮಾತು ನಿಜ ಸಾರ್. ಕಂಡಿದ್ದೆಲ್ಲ ನಿಜ ಅಲ್ಲ. ಆದರೆ ಅದನ್ನ ನನಗೊಬ್ಬಳಿಗೇ ಹೇಳಬಹುದಿತ್ತು. ಅಷ್ಟು ಜನರೆದುರು ನನ್ನ ಮಾನ ಕತ್ತರಿಸಬೇಕಿರಲಿಲ್ಲ.”

ಪ್ರಮೇಯ ಮೇಷ್ಟ್ರು ಪ್ಯಾಂಟಿನ ಧೂಳು ಕೊಡವಿದರು. ಇನ್ನೊಮ್ಮೆ ಕೊಡವಿದರು. “ದತ್ತ...” ಎಂದು ಶುರು ಮಾಡಿ ನಿಲ್ಲಿಸಿದರು. “ಸಾಧಿಸೋದು ಏನೂ ಇಲ್ಲ ಮೇಡಂ. ತಪ್ಪಾಯ್ತು.”

ಕತ್ತರಿ ಮತ್ತೆ ಕ್ಲಾಸಿಗೆ ಬಂತು. ಹೆಡ್ ಮೇಷ್ಟ್ರು ತಾವು ಅದನ್ನು ಬೇಡವೆಂದೇ ಇರಲಿಲ್ಲ ಎಂದರು, ಮಾತು ನೋಡಿದರೆ ಅದೂ ನಿಜವೇ. ಬಸುರಿ ಬುಕ್ಕುಗಳು ಇನ್ನಷ್ಟು ಉಬ್ಬಿದವು. ಒಂದೇ ಬದಲಾವಣೆ: ಪ್ರತಿ ಕಿಟಕಿಯ ಒಳಗೂ ಈಗ ‘ಯಾಕೆ?’ ಎಂದು ಬರೆದು, ಅದರ ಕೆಳಗೆ ಉತ್ತರಕ್ಕೆ ಜಾಗ ಬಿಡಬೇಕಿತ್ತು. ಹರಿದ ಮೂರು ಮೂಲೆಗಳ ಹಳೆಯ ಪುಟಕ್ಕೂ ಮಿಸ್ ಮಕ್ಕಳನ್ನು ವಾಪಸು ಕರೆದೊಯ್ದರು. ಮೇಲೆ ಒಂದು ಸಮಾಂತರ ಗೆರೆ ಎಳೆಸಿ, ಕಾರಣ ಬರೆಸಿ, ಅನುಮಾನಕ್ಕೆ ಸಮಾಧಾನವಾಗುವ ತನಕ ಬಿಡಲಿಲ್ಲ. ಪರೀಕ್ಷೆಯಲ್ಲಿ ಅಂಕಗಳು ಸ್ವಲ್ಪ ಏರಿದವು. ಬಹಳವೇನಿಲ್ಲ. ಹೊಸ ಫ್ಯಾನು ಹಾಕಿಸಿದ್ದರ ಫಲವೆಂದು ಹೆಡ್ ಮೇಷ್ಟ್ರು ವರದಿ ಮಾಡಿದರು.

ವಾರಕ್ಕೊಂದು ಗಂಟೆ ಪ್ರಮೇಯ ಮೇಷ್ಟ್ರು ಏಳನೇ ಕ್ಲಾಸಿಗೆ ಬಂದು ಕೂರತೊಡಗಿದರು. ಅಲ್ಲಿ ನಡೆಯುತ್ತಿದ್ದದ್ದು ಪಾಠವಲ್ಲ, ಜಗಳ. “ಇದನ್ನ ಮಡಚಿ ತೋರಿಸಿದ್ರೆ ಸಾಕು ಸಾರ್.” “ಸಾಲದು ಮೇಡಂ, ಮಡಿಕೆ ಸುಳ್ಳು ಹೇಳುತ್ತೆ.” “ನಿಮ್ಮ ಅಕ್ಷರ ಹೇಳಲ್ವಾ?” ಮಕ್ಕಳು ಒಮ್ಮೆ ಇವರ ಕಡೆ, ಒಮ್ಮೆ ಅವರ ಕಡೆ ಸೇರಿ ಕೂಗುತ್ತಿದ್ದರು. ಮೇಷ್ಟ್ರಿಗೆ ಕತ್ತರಿಸಲು ಕೊನೆಯವರೆಗೂ ಬರಲಿಲ್ಲ. ಅವರು ಕತ್ತರಿಸಿದ ವೃತ್ತವನ್ನು ಮಕ್ಕಳು ಪ್ರೀತಿಯಿಂದ ‘ಸಾರ್ ಆಲೂಗಡ್ಡೆ’ ಎನ್ನುತ್ತಿದ್ದರು. ಕೆಲಸದಿಂದ ನಿವೃತ್ತರಾಗುವ ತನಕ ಗೋಂದು ಮಿಸ್ ಆ ಕೊಠಡಿಯಲ್ಲೇ ಹೀಗೇ ಕಳೆದರು. ಬೀಳ್ಕೊಡುಗೆಯ ದಿನ ಹೆಡ್ ಮೇಷ್ಟ್ರು ಅವರನ್ನು ಹೊಗಳಿಯೂ ಹೊಗಳದಂತೆ ಮಾತಾಡಿದರು. ಮಿಸ್ ಎದ್ದು, “ನಾನು ಬಂದಿದ್ದು ಹೂವಿನ ಚಿತ್ರ ಕಲಿಸೋಕೆ. ಅದನ್ನ ಯಾರೂ ಪ್ರಶ್ನೆ ಕೇಳ್ತಿರಲಿಲ್ಲ. ಸದ್ಯ, ತಪ್ಪಿಸ್ಕೊಂಡೆ” ಎಂದಷ್ಟೇ ಹೇಳಿ ಕೂತರು. ಅವರಿಗಿಂತ ಹೆಚ್ಚು ಕಣ್ಣೊರೆಸಿಕೊಂಡವಳು ಆಯಾ. ಸಂತೋಷಕ್ಕೋ ದುಃಖಕ್ಕೋ ನಾನು ಕೇಳಲಿಲ್ಲ.

ಆ ಜಗಳದ ಗಂಟೆಗಳಲ್ಲಿ ನನ್ನ ಪಾಡು ಹೇಳತೀರದು. ನನ್ನ ಮಕ್ಕಳೆಲ್ಲ ಪ್ಲೈವುಡ್ ಹಲಗೆಗೆ ಕಿವಿಯಿಟ್ಟು ಕೂರುತ್ತಿದ್ದರು. ಒಮ್ಮೆ ರೇಗಿ, “ಅಲ್ಲೇನಿದೆಯೋ ಅಂಥದ್ದು?” ಎಂದೆ. ಹಿಂದಿನ ಬೆಂಚಿನವನೊಬ್ಬ ಎದ್ದು, ಬಹಳ ವಿನಯದಿಂದ, “ಸಾರ್, ನೀವೂ ಯಾರ ಜೊತೆಗಾದ್ರೂ ಜಗಳ ಆಡಿ ಸಾರ್, ಕೇಳ್ತೀವಿ” ಎಂದ.

ಪ್ರಯತ್ನಪಟ್ಟೆ. ಚರಿತ್ರೆಯವರನ್ನು ಕೇಳಿದೆ, ವಿಜ್ಞಾನದವರನ್ನು ಕೇಳಿದೆ. “ಸಮಾಸದ ಬಗ್ಗೆ ನೀವು ಏನು ಹೇಳಿದ್ರೂ ಸರಿ ಸಾರ್” ಎಂದುಬಿಟ್ಟರು. ಅದರ ಮೇಲೆ ಜಗಳಕ್ಕೆ ನಿಲ್ಲುವಷ್ಟು ಪ್ರೀತಿ ಇದ್ದವರು ಆ ಶಾಲೆಯಲ್ಲಿ ನನಗೆ ಒಬ್ಬರೂ ಸಿಗಲಿಲ್ಲ.